ಬಿದ್ದವರ ದಮ್ ನೋಡೋದು ಹ್ಯಾಂಗ? ಎದೆ ಒತ್ತಬೇಕಾದ ಹೊತ್ತನ್ನು ಗುರುತಿಸಿ

ಈ ವಾರ ಬೆಳೆಯ ಮಾತಿಗೆ ಸ್ವಲ್ಪ ರಜೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಓಡಾಡುವಾಗ ನಾನು ರೈತರಿಗೆ ಆಗಾಗ ಒಂದು ಪ್ರಶ್ನೆ ಕೇಳುತ್ತಿರುತ್ತೇನೆ. ನಿಮ್ಮ ಪಕ್ಕದಲ್ಲಿ ನಿಂತವರು ಧಪ್ಪಂತ ಬಿದ್ದರೆ ಮೊದಲು ಏನು ಮಾಡ್ತೀರಿ? ಉತ್ತರ ಹೆಚ್ಚುಕಡಿಮೆ ಒಂದೇ ಇರುತ್ತದೆ. "ಮುಖಕ್ಕ ನೀರು ಹೊಡೀತೀವ್ರಿ", "ಉಳ್ಳಾಗಡ್ಡಿ ಮೂಸಿಸ್ತೀವಿ", "ಅಂಗಾಲು ತಿಕ್ತೀವಿ", "ಗಾಡಿ ತರಸ್ತೀವಿ". ದಮ್ ಅದನೋ ಇಲ್ಲೋ ನೋಡ್ತೀವಿ ಅನ್ನುವವರು ಕಮ್ಮಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸಿಪಿಆರ್ ವಿಡಿಯೋಗಳು ತುಂಬಿಹೋದವು. ಹಾಗಾಗಿ ಎದೆ ಹ್ಯಾಂಗ ಒತ್ತಬೇಕು ಅನ್ನೋದು ಬಹಳ ಹುಡುಗರಿಗೆ ಅಷ್ಟಿಷ್ಟು ಗೊತ್ತು. ಯಾರಿಗೆ, ಯಾವಾಗ ಒತ್ತಬೇಕು ಅನ್ನೋದರಲ್ಲೇ ಗೊಂದಲ.

ಆ ಗೊಂದಲದಲ್ಲಿ ಕಳೆಯುವ ನಿಮಿಷಗಳು ಬಹಳ ದುಬಾರಿ. ಹೃದಯ ನಿಂತ ಮೇಲೆ ಮೆದುಳಿಗೆ ರಕ್ತ ಹೋಗೋದಿಲ್ಲ. ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳು ಕೆಡಲು ಶುರುವಾಗುತ್ತದೆ. ಯಾರೂ ಎದೆ ಒತ್ತದೆ ಹೋದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಈಗ ನಮ್ಮ ಲೆಕ್ಕ ನೋಡಿ. ಸೇಡಂನಿಂದ ಕಲಬುರಗಿ 50 ಕಿಲೋಮೀಟರ್ ಮೇಲೆ, ಚಿಂಚೋಳಿಯಿಂದ ಇನ್ನೂ ದೂರ. ಕೊಂಚಾವರಂ ಕಡೆಯ ತಾಂಡಾಗಳ ಮಾತು ಬೇರೆಯೇ. 108 ಎಷ್ಟೇ ಜೋರಾಗಿ ಬಂದರೂ ಮೊದಲ ಐದು ನಿಮಿಷ ಹೊಲದಲ್ಲಿ ಇರುವವರದ್ದೇ.

ಎರಡೇ ಪ್ರಶ್ನೆ

ಬಿದ್ದವರ ಎರಡೂ ಭುಜ ಗಟ್ಟಿಯಾಗಿ ತಟ್ಟಿ, ಜೋರಾಗಿ ಕೂಗಿ: "ಕಾಕಾ, ಏನಾಯ್ತು? ಕಣ್ಣು ತೆಗೀರಿ!" ಕಣ್ಣು ಬಿಟ್ಟರೆ, ನರಳಿದರೆ, ಕೈ ಸರಿಸಿದರೆ ಅದು ಉತ್ತರ. ಏನೂ ಇಲ್ಲ ಅಂದರೆ ಮೊದಲ ಪ್ರಶ್ನೆ ಮುಗಿಯಿತು: ಎಚ್ಚರ ಇಲ್ಲ. ಆಗಲೇ ಪಕ್ಕದವನಿಗೆ ಬೆರಳು ತೋರಿಸಿ "ತಮ್ಮಾ, ನೀ 108ಕ್ಕ ಹಚ್ಚು" ಅನ್ನಿ. ಗುಂಪಿಗೆ ಹೇಳಿದರೆ ಯಾರೂ ಹಚ್ಚೋದಿಲ್ಲ, ಒಬ್ಬನಿಗೆ ಹೇಳಿದರೆ ಹಚ್ಚುತ್ತಾನೆ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ.

ಎರಡನೇ ಪ್ರಶ್ನೆ ಉಸಿರಿನದು. ಅಂಗಾತ ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿ, ಎದೆ ಮತ್ತು ಹೊಟ್ಟೆಯ ಮೇಲೆ ಕಣ್ಣಿಡಿ. ಒಂದೇ ಸಮನೆ ಏರಿ ಇಳಿಯುತ್ತಿದೆಯೇ? ಹತ್ತು ಎಣಿಸುವಷ್ಟು ಹೊತ್ತು ಸಾಕು, ಅದಕ್ಕಿಂತ ಜಾಸ್ತಿ ಬೇಡ. ಗಾಳಿಗೆ ಅಂಗಿ ಅಲ್ಲಾಡಿದ್ದನ್ನು ಉಸಿರು ಅಂದುಕೊಳ್ಳುವವರಿದ್ದಾರೆ. ಅದಕ್ಕೇ ಬರೀ ಮೈ ನೋಡಿ ಅನ್ನೋದು.

ನಾಡಿ ನೋಡೋ ಗೋಜಿಗೆ ಹೋಗಬೇಡಿ. ಸಿನಿಮಾದಲ್ಲಿ ಮಣಿಕಟ್ಟು ಹಿಡಿದು ತಲೆ ಅಲ್ಲಾಡಿಸುತ್ತಾರೆ, ಖರೆ. ಆದರೆ ಗಾಬರಿಯಲ್ಲಿ ನಮ್ಮದೇ ಬೆರಳಿನ ಬಡಿತ ಅವರ ನಾಡಿ ಅನ್ನಿಸಿಬಿಡುತ್ತದೆ. ಕಲಿತವರಿಗೂ ಅದು ತಪ್ಪುತ್ತದೆ ಅಂತಲೇ ಸಾಮಾನ್ಯ ಜನರ ಸಿಪಿಆರ್ ಪಾಠದಿಂದ ನಾಡಿ ನೋಡುವುದನ್ನು ತೆಗೆದುಹಾಕಿದ್ದಾರೆ.

ಎಚ್ಚರ ಇಲ್ಲ, ಉಸಿರು ಇಲ್ಲ ಅಥವಾ ಸರಿಯಾಗಿಲ್ಲ. ಎರಡೂ ಸೇರಿದರೆ ಎದೆ ಒತ್ತಲು ಶುರು ಮಾಡಬೇಕು.

"ದಮ್ ಅದ, ದಮ್ ಅದ" ಅನ್ನುವ ಮೋಸ

"ಸರಿಯಾಗಿಲ್ಲ" ಅಂದೆನಲ್ಲ, ಜನ ತಪ್ಪೋದು ಅಲ್ಲೇ. ಹೃದಯ ಥಟ್ಟನೆ ನಿಂತವರಲ್ಲಿ ಹತ್ತಕ್ಕೆ ಮೂರ್ನಾಲ್ಕು ಮಂದಿ ಮೊದಲ ಕೆಲವು ನಿಮಿಷ ಒಂದು ಥರ ಉಸಿರು ಎಳೆಯುತ್ತಾರೆ. ನೀರಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆಯುತ್ತದೆ, ದವಡೆ ಅಲ್ಲಾಡುತ್ತದೆ. ಗೊರಕೆಯಂಥದ್ದೋ, ನರಳಿದಂಥದ್ದೋ, ಗಂಟಲಲ್ಲಿ ಗೊರಗೊರ ಅಂದಂಥದ್ದೋ ಸದ್ದು ಬರುತ್ತದೆ. ಆಮೇಲೆ ಸುಮ್ಮನೆ. ಹಲವು ಸೆಕೆಂಡ್ ಬಿಟ್ಟು ಮತ್ತೊಂದು. ಎದೆ ಮಾತ್ರ ಹದವಾಗಿ ಏರಿ ಇಳಿಯೋದಿಲ್ಲ.

ಇದನ್ನು ನೋಡಿ ಸುತ್ತ ನಿಂತವರು "ದಮ್ ಹೊಡೀಲತ್ತಾನ್ರೀ, ಜೀವ ಅದ, ಏನೂ ಮಾಡಬ್ಯಾಡ್ರಿ" ಅನ್ನುತ್ತಾರೆ. ಜೀವ ಉಳಿಸುವ ಅವಕಾಶ ಇರೋದು ಖರೆ. ಆದರೆ ಅದು ಉಸಿರಾಟ ಅಲ್ಲ. ರಕ್ತ ಸಿಗದ ಮೆದುಳಿನ ಬುಡ ಕೊಡುವ ಬರೀ ಜಗ್ಗಾಟ. ಇಂಥವರಿಗೆ ಆ ಕ್ಷಣಕ್ಕೆ ಎದೆ ಒತ್ತುವುದು ಶುರುವಾದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ಯಾಕಂದ್ರೆ ಹೃದಯ ನಿಂತು ಬಹಳ ಹೊತ್ತಾಗಿಲ್ಲ ಅನ್ನೋದಕ್ಕೆ ಅದೇ ಗುರುತು. ನನ್ನ ಕೇಳಿದರೆ ಈ ಲೇಖನದಲ್ಲಿ ಇದೊಂದು ಪ್ಯಾರಾ ನೆನಪಿಟ್ಟರೂ ಸಾಕು.

ಇನ್ನೊಂದು ಮೋಸ ಫಿಟ್ಸಿನದು. ಹೃದಯ ನಿಂತ ಮೊದಲ ಕ್ಷಣಗಳಲ್ಲಿ ಕೈಕಾಲು ಸೆಟೆದು ಸ್ವಲ್ಪ ಹೊತ್ತು ಅದುರಬಹುದು. ನಾವು "ಮೂರ್ಛೆರೋಗ" ಅಂತ ಕೈಗೆ ಕಬ್ಬಿಣ ಕೊಡಲು ಬೀಗದ ಕೈ ಹುಡುಕುತ್ತೇವೆ. ಕಬ್ಬಿಣದಿಂದ ಫಿಟ್ಸೂ ನಿಲ್ಲೋದಿಲ್ಲ, ಬಿಡಿ. ಅದುರುವುದು ನಿಂತ ತಕ್ಷಣ ಎದೆ ನೋಡಿ. ನಿಜವಾದ ಫಿಟ್ಸ್ ಆಗಿದ್ದರೆ ಉಸಿರು ದೀರ್ಘವಾಗಿ, ಗೊರಕೆಯಂತಿದ್ದರೂ ಒಂದೇ ಸಮನೆ ಬರುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರು ಬರಲಿಲ್ಲವೋ, ಒತ್ತಲು ಶುರು ಮಾಡಿ.

ಒಮ್ಮೆ ನೋಡಿದರೆ ಮುಗಿಯಿತು ಅಂತಲೂ ಅಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯೂರೋ ಫುಟ್‌ಬಾಲ್ ಪಂದ್ಯದ ನಡುವೆ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಯಾರೂ ತಾಗದೆ ಕುಸಿದುಬಿದ್ದದ್ದನ್ನು ನಿಮ್ಮಲ್ಲಿ ಕೆಲವರು ಮೊಬೈಲಲ್ಲಿ ನೋಡಿರಬಹುದು. ತಂಡದ ವೈದ್ಯರು ಓಡಿಹೋದಾಗ ಉಸಿರೂ ಇತ್ತು, ನಾಡಿಯೂ ಸಿಕ್ಕಿತು, ಆಮೇಲೆ ಥಟ್ಟನೆ ಸ್ಥಿತಿ ಬದಲಾಯಿತು ಅಂತ ಆ ವೈದ್ಯರೇ ಹೇಳಿದ್ದರು. ಕೂಡಲೇ ಎದೆ ಒತ್ತಿದರು, ಯಂತ್ರದಿಂದ ಒಂದು ಶಾಕ್ ಕೊಟ್ಟರು, ಆಟಗಾರ ಮೈದಾನದಲ್ಲೇ ಎಚ್ಚರಾದ. ಮುಂದಿನ ಫೆಬ್ರುವರಿಗೆ ಮತ್ತೆ ಆಡಿದ. ನಾವೂ ಹಾಗೇ: ಉಸಿರಿದೆ ಅಂತ ಪಕ್ಕಕ್ಕೆ ಮಲಗಿಸಿದವರ ಎದೆಯಿಂದ ಕಣ್ಣು ತೆಗೆಯಬಾರದು.

ನಮ್ಮ ಹೊಲ, ನಮ್ಮ ಕ್ವಾರಿ

ಹೃದಯಾಘಾತ ಒಂದೇ ಅಲ್ಲ, ನಮ್ಮ ಕಡೆ ಜನ ಬೀಳೋದಕ್ಕೆ ಬೇರೆ ಕಾರಣಗಳೂ ಬಹಳ.

ಮೊದಲು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಜನ, ದನ ಸಾಯುವ ಸುದ್ದಿ ವರ್ಷಾ ವರ್ಷ ಓದುತ್ತೇವೆ. ಸಿಡಿಲು ಬಡಿದವರನ್ನು ಮುಟ್ಟಿದರೆ ಕರೆಂಟ್ ಹೊಡೀತದ ಅನ್ನುವ ಭಯ ಇದೆ. ಅವರ ಮೈಯಲ್ಲಿ ಕರೆಂಟ್ ಉಳಿದಿರೋದಿಲ್ಲ, ಧೈರ್ಯವಾಗಿ ಮುಟ್ಟಿ. ಮೂರ್ನಾಲ್ಕು ಜನ ಒಟ್ಟಿಗೆ ಬಿದ್ದಿದ್ದರೆ ಇನ್ನೊಂದು ಮಾತು. ನಾವು ಸಹಜವಾಗಿ ಚೀರುವವರ ಕಡೆ ಓಡುತ್ತೇವೆ. ಸಿಡಿಲಿನಲ್ಲಿ ಅದು ಉಲ್ಟಾ: ಚೀರುವವರು, ನರಳುವವರು ಬಹುತೇಕ ಬದುಕುತ್ತಾರೆ. ಸತ್ತಂತೆ ಸುಮ್ಮನೆ ಬಿದ್ದವರ ಹತ್ತಿರ ಮೊದಲು ಹೋಗಬೇಕು. ಎಷ್ಟೋ ಸಲ ಅವರ ಹೃದಯ ತಾನಾಗೇ ಮತ್ತೆ ಶುರುವಾಗುತ್ತದೆ, ಉಸಿರು ಮಾತ್ರ ನಿಂತೇ ಇರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಎದೆ ಒತ್ತಿ ಉಸಿರು ಕೊಟ್ಟರೆ ಉಳಿಯುತ್ತಾರೆ.

ಪಂಪ್‌ಸೆಟ್ ಶಾಕ್ ಹಾಗಲ್ಲ. ಸ್ಟಾರ್ಟರ್ ಪೆಟ್ಟಿಗೆ ಹಿಡಿದವರನ್ನು ಮೇನ್ ತೆಗೆಯದೆ ಮುಟ್ಟಿದರೆ ಒಂದರ ಬದಲು ಎರಡು ಹೆಣ. ಹರಿದುಬಿದ್ದ ದೊಡ್ಡ ಲೈನ್ ಆಗಿದ್ದರೆ ದೂರ ನಿಂತು ಜೆಸ್ಕಾಂನ 1912ಕ್ಕೆ ಹಚ್ಚಿ ಲೈನ್ ತೆಗೆಸಿ. ಕರೆಂಟ್ ಹೋದದ್ದು ಖಾತ್ರಿಯಾದ ಮೇಲೆ ಅದೇ ಎರಡು ಪ್ರಶ್ನೆ.

ತೊಗರಿ ಹೂವು, ಕಾಯಿ ಹಿಡಿಯುವಾಗ ಕಾಯಿಕೊರಕಕ್ಕೆ ಔಷಧಿ ಹೊಡೆಯುತ್ತೇವೆ. ಹೊಡೆಯುತ್ತಾ ಬಿದ್ದವರ ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು, ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣ ಆಗಿದ್ದರೆ ಅದು ವಿಷ. ಉಸಿರು ಸರಿ ಇದ್ದರೆ ಪಕ್ಕಕ್ಕೆ ಹೊರಳಿಸಿ, ಅಂಗಿ ತೆಗೆದು ಮೈ ತೊಳೆಯಿರಿ, ಔಷಧಿ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಉಸಿರು ನಿಂತಿದ್ದರೆ ಎದೆ ಒತ್ತಿ. ಬಾಯಿಗೆ ಬಾಯಿ ಮಾತ್ರ ಇಡಬೇಡಿ, ವಿಷ ನಿಮಗೂ ತಗಲುತ್ತದೆ.

ನಾಗರಹಾವು, ಕಟ್ಟುಹಾವಿನ ವಿಷ ನರಗಳಿಗೆ ಏರಿದಾಗ ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಹೊರಗಿನಿಂದ ಹೆಣದಂತೆ ಕಂಡರೂ ಒಳಗೆ ಎಚ್ಚರ ಇರಬಹುದು, ಹೃದಯ ಹೊಡೆಯುತ್ತಿರಬಹುದು. "ಆಯ್ತು ಬಿಡ್ರಿ" ಅಂತ ಬಟ್ಟೆ ಮುಚ್ಚಬೇಡಿ. ಇವರಿಗೆ, ನೀರಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಬಾಯಿಂದ ಉಸಿರು ಕೊಡುವುದು ಮುಖ್ಯ. 30 ಸಲ ಒತ್ತಿ, ಎರಡು ಸಲ ಉಸಿರು. ಉಸಿರು ಕೊಡಲು ಬಾರದಿದ್ದರೆ ಒತ್ತುವುದನ್ನಾದರೂ ಬಿಡಬೇಡಿ.

ಮುಳುಗಿದವರು ಅಂದಾಗ ಶಹಾಬಾದ, ವಾಡಿ ಸುತ್ತಿನ ಹಳೇ ಪರಸಿ ಕ್ವಾರಿಗಳು ನೆನಪಾಗುತ್ತವೆ. ಮಳೆ ನೀರು ನಿಂತು ಕೆರೆಯಂತಾದ ಆ ಗುಂಡಿಗಳಿಗೆ ಹುಡುಗರು ಈಜಲು ಹೋಗುತ್ತಾರೆ. ಮೇಲೆ ತೆಗೆದ ಹುಡುಗನ ಹೊಟ್ಟೆ ಅಮುಕಿ, ತಲೆಕೆಳಗೆ ಹಿಡಿದು ನೀರು ಕಕ್ಕಿಸುವುದು ನಮ್ಮಲ್ಲಿ ರೂಢಿ. ಅದರಿಂದ ಹೊತ್ತೂ ಹೋಗುತ್ತದೆ, ಹೊಟ್ಟೆಯ ನೀರು ಶ್ವಾಸಕೋಶಕ್ಕೂ ಇಳಿಯುತ್ತದೆ. ದಡದಲ್ಲೇ ಮಲಗಿಸಿ ಉಸಿರು ನೋಡಿ, ಇಲ್ಲದಿದ್ದರೆ ಅಲ್ಲೇ ಶುರು ಮಾಡಿ.

ಬಿಸಿಲ ಹೊಡೆತ ಬೇರೆ. 42, 43 ಡಿಗ್ರಿಯಲ್ಲಿ ರಾಶಿ ಮಾಡುತ್ತಾ ಬಿದ್ದವರ ಮೈ ಕೆಂಡದಂತಿದ್ದು ಉಸಿರು ಜೋರಾಗಿ ಓಡುತ್ತಿದ್ದರೆ ಎದೆ ಒತ್ತುವುದು ಬೇಡ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇನ್ನು ಹೇಳಲೇಬೇಕಾದ ಒಂದು ಮಾತು. ಬಸ್‌ಸ್ಟ್ಯಾಂಡಿನಲ್ಲೋ, ವಾಡಿ ಸ್ಟೇಷನ್ನಿನ ಹೊರಗೋ ಯಾರೋ ಬಿದ್ದಿದ್ದರೆ "ಕುಡದು ಬಿದ್ದಾನ, ಬಿಡ್ರಿ" ಅಂತ ದಾಟಿ ಹೋಗುತ್ತೇವೆ. ಕುಡಿದವರ ಹೃದಯವೂ ನಿಲ್ಲುತ್ತದೆ. ವಾಸನೆ ಬಂತು ಅಂತ ಪರೀಕ್ಷೆ ಬಿಡುವುದು ನನಗೆ ಒಪ್ಪಿತವಿಲ್ಲ. ಹತ್ತು ಸೆಕೆಂಡ್ ಎದೆ ನೋಡಿ, ಆಮೇಲೆ ಬೇಕಾದರೆ ಬೈಯಿರಿ.

ಒತ್ತುವುದು

ಭಾರತೀಯ ಅರಿವಳಿಕೆ ವೈದ್ಯರ ಸಂಘ 2017ರಲ್ಲಿ ಸಾಮಾನ್ಯ ಜನರಿಗಾಗಿ ಬರೀ ಎದೆ ಒತ್ತುವ ಪದ್ಧತಿಯನ್ನು ಪ್ರಕಟಿಸಿತು. ಹೊರಸಿನ ಮೇಲೆ ಒತ್ತಿದರೆ ಹೊರಸೇ ಕುಣಿಯುತ್ತದೆ, ಗಟ್ಟಿ ನೆಲಕ್ಕೆ ಇಳಿಸಿ. ಎದೆಯ ನಟ್ಟನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ ಮೈಭಾರ ಹಾಕಿ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗುವಂತೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲಿ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಜೋಡಿಯವನಿಗೆ ಬಿಟ್ಟುಕೊಡಿ. ಅವರು ಅಲುಗಾಡುವ ತನಕ ಅಥವಾ ಅಂಬುಲೆನ್ಸಿನವರು ಬರುವ ತನಕ ನಿಲ್ಲಿಸಬೇಡಿ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹಾಕಿಕೊಂಡು ಓಡಿದರೆ ಆ ದಾರಿಯುದ್ದಕ್ಕೂ ಎದೆ ಒತ್ತುವುದು ಹೆಸರಿಗಷ್ಟೇ ಆಗುತ್ತದೆ.

"ಹೃದಯ ನಡೀಲತ್ತಿದ್ರ ನಾ ಒತ್ತಿ ಏನರ ಆದ್ರ?" ಅಂತ ಕೇಳುತ್ತಾರೆ. ಎಚ್ಚರ ಮತ್ತು ಸರಿಯಾದ ಉಸಿರು ಎರಡೂ ಇಲ್ಲದವರಿಗೆ ಒತ್ತಿದಾಗ ಆಗಬಹುದಾದ ದೊಡ್ಡ ತೊಂದರೆ ಅಂದರೆ ಎಲುಬು ಮುರಿಯುವುದು, ಅದು ಕೂಡುತ್ತದೆ. ಪೊಲೀಸ್ ಕೇಸಿನ ಭಯವೂ ಬೇಡ. ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ರಕ್ಷಣೆ ಕೊಡುತ್ತದೆ.

ಎದೆನೋವು ಅಂತ ಬೆವರುತ್ತಾ ಕೂತು ಮಾತಾಡುತ್ತಿರುವವರಿಗೆ ಎದೆ ಒತ್ತಬಾರದು. ಅವರಿಗೆ ಬೇಕಿರೋದು ಇಸಿಜಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. ಗ್ಯಾಸ್ ಅಂತ ಸೋಡಾ ಕುಡಿಸಿ ಕೂರಿಸಬೇಡಿ, ಅವರನ್ನೇ ಬೈಕ್ ಓಡಿಸಲೂ ಬಿಡಬೇಡಿ.

108ಕ್ಕೆ ಹಚ್ಚಿದಾಗ ಸರ್ವೆ ನಂಬರ್ ಹೇಳಿದರೆ ಡ್ರೈವರಿಗೆ ತಿಳಿಯೋದಿಲ್ಲ. ಊರು, ತಾಲ್ಲೂಕು, ರಸ್ತೆಗೆ ಹತ್ತಿರದ ಗುಡಿ ಅಥವಾ ದರ್ಗಾ, ರೈಲ್ವೆ ಗೇಟ್, ಸಿಮೆಂಟ್ ಫ್ಯಾಕ್ಟರಿಯ ಯಾವ ಕಡೆ ಅನ್ನೋದನ್ನು ಹೇಳಿ. ಬಿದ್ದವರಿಗೆ ಎಚ್ಚರ ಇಲ್ಲ, ಉಸಿರಿಲ್ಲ ಅನ್ನುವ ಎರಡು ಮಾತನ್ನು ಮೊದಲೇ ಹೇಳಿ. ಒಬ್ಬ ಹುಡುಗ ಬೈಕ್ ತೆಗೆದುಕೊಂಡು ಡಾಂಬರ್ ರಸ್ತೆಗೆ ಹೋಗಿ ನಿಲ್ಲಲಿ. ರಾತ್ರಿಯಾದರೆ ಹೆಡ್‌ಲೈಟ್ ಹಚ್ಚಿಕೊಂಡೇ ನಿಂತು, ಅಂಬುಲೆನ್ಸ್ ಬಂದ ಕೂಡಲೇ ಮುಂದೆ ಮುಂದೆ ಬೈಕ್ ಓಡಿಸಿ ಹೊಲಕ್ಕೆ ಕರೆತರಲಿ.