ಊರಿನ ಹೆಸರು, ಕಲ್ಲಿನ ವಯಸ್ಸು

ಪ್ರಶ್ನೆ: ಶಿಲಾಪದರಕ್ಕೆ ಊರಿನ ಹೆಸರಿಟ್ಟರೆ ಅದರ ಕಾಲ ತಿಳಿಯುವುದು ಹೇಗೆ?

ಉತ್ತರ: ಹೆಸರಿನಿಂದ ಕಾಲ ತಿಳಿಯುವುದಿಲ್ಲ. ಪದರ ಚೆನ್ನಾಗಿ ಕಾಣಸಿಗುವ ಜಾಗದ ಹೆಸರಿಡುವುದು ವಾಡಿಕೆ, ಅಷ್ಟೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಕಲಾದಗಿ, 1880ರ ದಶಕದಲ್ಲಿ ಧಾರವಾಡ ಎಂಬ ಹೆಸರು ಕೊಟ್ಟದ್ದು ಹೀಗೆ. ಧಾರವಾಡ ಜಿಲ್ಲೆಯಲ್ಲೂ ಪದರ ಎಲ್ಲೆಡೆ ಕಾಣುವುದಿಲ್ಲ: ನವಲಗುಂದ, ಅಣ್ಣಿಗೇರಿಗಳಲ್ಲಿ ಎರೆಮಣ್ಣು ಕಲ್ಲನ್ನು ಮುಚ್ಚಿದೆ. ಕಲಘಟಗಿ ಕಡೆಯ ಗುಡ್ಡಗಳಲ್ಲಿ ಅದನ್ನು ನೋಡಬಹುದು. ಇನ್ನು ಕಾಲ ತಿಳಿಯಲು, ಕೆಳಗಿನ ಪದರ ಹಳೆಯದು ಎಂಬುದು ಮೂಲಸೂತ್ರ. ಮಡಚಿ ತಲೆಕೆಳಗಾಗಿದ್ದರೆ? ಆಕ್ಷೇಪ ನ್ಯಾಯವಾದದ್ದೇ, ಧಾರವಾಡದ ಪದರಗಳು ಮಡಚಿಯೇ ಇವೆ. ಆಗ ಒಂದೇ ಪದರವನ್ನು ಹತ್ತಿರದಿಂದ ನೋಡಬೇಕು: ನೀರಿನಲ್ಲಿ ದಪ್ಪ ಮರಳು ಮೊದಲು ತಳ ಸೇರುತ್ತದೆ, ನುಣ್ಣನೆಯದು ಆಮೇಲೆ. ಕಲ್ಲಿನಲ್ಲಿ ದಪ್ಪ ಕಣ ಮೇಲಿದ್ದರೆ ಪದರ ಬೋರಲು ಬಿದ್ದಿದೆ ಎಂದರ್ಥ. ವರ್ಷಗಳ ಲೆಕ್ಕಕ್ಕೆ ಮಾತ್ರ ಪದರಗಳ ನಡುವಿನ ಜ್ವಾಲಾಮುಖಿ ಶಿಲೆಯ ಜಿರ್ಕಾನ್ ಹರಳು ಬೇಕು. ಅದರೊಳಗಿನ ಯುರೇನಿಯಂ ಸೀಸವಾಗುವ ವೇಗ ಗೊತ್ತಿದೆ. ಧಾರವಾಡದ ಶಿಲೆಗಳ ವಯಸ್ಸು ಸುಮಾರು 260ರಿಂದ 290 ಕೋಟಿ ವರ್ಷ. ಕಲಾದಗಿಯ ಪದರಗಳು ಅದಕ್ಕಿಂತ ಬಹಳ ಈಚಿನವು.