ಸಂಚಕಾರ ಕೊಟ್ಟ ಮೇಲೆ

ಕನ್ನಡದಲ್ಲಿ ‘ಸಂಚಕಾರ’ ಎಂಬುದೊಂದು ಹಳೆಯ ಮಾತು. ಇಂದು ಅದನ್ನು ಕೇಳಿದವರು ಕೇಡು, ಅಪಾಯ ಎಂದೇ ತಿಳಿಯುತ್ತಾರೆ. ‘ಪ್ರಾಣಕ್ಕೆ ಸಂಚಕಾರ ಬಂತು’ ಎನ್ನುವುದು ದಿನಬಳಕೆಯ ಮಾತು. ಆದರೆ ಅದರ ಮೂಲಾರ್ಥ ಬೇರೆ. ವ್ಯಾಪಾರ ಕುದುರಿದಾಗ ಕೊಳ್ಳುವವನು ಮಾರುವವನ ಕೈಯಲ್ಲಿಡುವ ಮುಂಗಡ ಹಣವೇ ಸಂಚಕಾರ. ಅಮರಕೋಶದಲ್ಲಿರುವ ‘ಸತ್ಯಂಕಾರ’ ಎಂಬ ಶಬ್ದದ ತದ್ಭವವಿದು. ಆಡಿದ ಮಾತನ್ನು ಸತ್ಯವಾಗಿಸುವುದು ಎಂದು ಅರ್ಥ. ಸತ್ಯಕ್ಕೆ ಒತ್ತೆಯಾಗಿ ನಿಂತ ಹಣದ ಹೆಸರು ಕೇಡಿನ ಹೆಸರಾದುದು ಹೇಗೆಂಬುದನ್ನು ಪಂಡಿತರು ವಿಚಾರಿಸಲಿ. ಜಮೀನಿಗೆ ಮುಂಗಡ ಕೊಟ್ಟು ಕೈಸುಟ್ಟುಕೊಂಡ ಸಂಸಾರಗಳಿಗೆ ಅದರ ವಿವರಣೆ ಬೇಕಾಗಿಲ್ಲ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಮತ್ತೋಡು ಒಂದು ಹೋಬಳಿ. ಹಿಂದೆ ಪಾಳೆಯಗಾರರ ಊರು; ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬಳೆಗಾಜಿನ ಕೆಲಸವನ್ನು ಕುರಿತು ಬರೆದಿಟ್ಟಿದ್ದಾನೆ. ಈ ಊರಿನಿಂದ ಹೊರಟು ಬೆಂಗಳೂರಿನಲ್ಲಿ ನೌಕರಿ ಮಾಡಿ ನಿವೃತ್ತರಾದ ಗೃಹಸ್ಥರೊಬ್ಬರು ಊರ ಬಳಿ ಎರಡು ಎಕರೆ ತೆಂಗಿನ ತೋಟವನ್ನು ೪೦ ಲಕ್ಷ ರೂಪಾಯಿಗೆ ಗೊತ್ತುಮಾಡುತ್ತಾರೆ. ೫ ಲಕ್ಷ ಸಂಚಕಾರ ಕೊಟ್ಟು, ಆರು ತಿಂಗಳೊಳಗೆ ಉಳಿದ ಹಣ ಸಲ್ಲಿಸಿ ಕ್ರಯಪತ್ರ ಮಾಡಿಸಿಕೊಳ್ಳುವುದಾಗಿ ಛಾಪಾ ಕಾಗದದ ಮೇಲೆ ಕರಾರು ಬರೆಸುತ್ತಾರೆ. ಅಷ್ಟರಲ್ಲಿ ಭದ್ರಾ ಮೇಲ್ದಂಡೆಯ ನೀರು ಬರುವುದೆಂಬ ಸುದ್ದಿ ಹಬ್ಬಿ ಜಮೀನಿನ ಬೆಲೆ ಏರುತ್ತದೆ. ಮಾರುವವರ ಮನಸ್ಸು ತಿರುಗುತ್ತದೆ. “ಮಕ್ಕಳು ಒಪ್ಪುತ್ತಿಲ್ಲ ಸ್ವಾಮಿ, ನಿಮ್ಮ ಐದು ಲಕ್ಷ ವಾಪಸು ತೆಗೆದುಕೊಂಡುಬಿಡಿ” ಎನ್ನುತ್ತಾರೆ. ಗೃಹಸ್ಥರಿಗೆ ಹಣ ಬೇಡ, ತೋಟ ಬೇಕು. ಕಾನೂನು ಅವರಿಗೆ ತೋಟವನ್ನೇ ಕೊಡಿಸೀತೆ?

ಕೊಡಿಸುತ್ತದೆ. ಆದರೆ ಒಂದು ನಿಬಂಧನೆಯಿದೆ: ಎದುರಾಳಿಯ ಮಾತನ್ನು ಉಳಿಸಿಕೊಡೆಂದು ಕೇಳುವವನು ತನ್ನ ಮಾತನ್ನು ಮೊದಲು ಉಳಿಸಿಕೊಂಡಿರಬೇಕು.

ಕರಾರು ಬೇರೆ, ಕ್ರಯಪತ್ರ ಬೇರೆ

ಕರಾರಿಗೆ ಸಹಿ ಬಿದ್ದೊಡನೆ ಜಮೀನು ತಮ್ಮದಾಯಿತೆಂದು ಅನೇಕರು ನಂಬುತ್ತಾರೆ. ಅದು ತಪ್ಪು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೪ನೆಯ ಪ್ರಕರಣದಂತೆ, ಮಾರುವ ಕರಾರು ತಾನಾಗಿಯೇ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ನೂರು ರೂಪಾಯಿಗೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಒಡೆತನ ಕೈಬದಲಾಗುವುದು ರಿಜಿಸ್ಟರಾದ ಕ್ರಯಪತ್ರದಿಂದ ಮಾತ್ರ. ಕರಾರು, ಅಧಿಕಾರಪತ್ರ, ಉಯಿಲು ಇವುಗಳನ್ನು ಕೂಡಿಸಿಕೊಂಡು ‘ಜಿಪಿಎ ಮಾರಾಟ’ವೆಂದು ನಡೆಯುತ್ತಿದ್ದ ವ್ಯವಹಾರದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು.

ಹಾಗಾದರೆ ಕರಾರಿನಿಂದ ಕೊಳ್ಳುವವನಿಗೆ ಬರುವುದೇನು? ನ್ಯಾಯಾಲಯಕ್ಕೆ ಹೋಗಿ ‘ಇವರು ಒಪ್ಪಿದಂತೆ ಕ್ರಯಪತ್ರ ಬರೆದುಕೊಡಿಸಿ’ ಎಂದು ಕೇಳುವ ಹಕ್ಕು. ಇದಕ್ಕೆ ಕರಾರಿನ ನಿರ್ದಿಷ್ಟ ಪಾಲನೆಯ ದಾವೆ ಎಂದು ಹೆಸರು. ೧೮೭೭ರ ಕಾಯಿದೆಯ ಸ್ಥಾನದಲ್ಲಿ ಬಂದ ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆ ಇದಕ್ಕೆ ಆಧಾರ. ಬೇರೆ ಸರಕಾದರೆ ಮಾತು ತಪ್ಪಿದವನಿಂದ ನಷ್ಟ ವಸೂಲು ಮಾಡಿ ಮತ್ತೊಂದು ಅಂಗಡಿಯಲ್ಲಿ ಕೊಳ್ಳಬಹುದು. ಜಮೀನು ಹಾಗಲ್ಲ. ಅದೇ ನೀರು, ಅದೇ ಮಣ್ಣು, ಅದೇ ನೆರೆಹೊರೆ ಇನ್ನೊಂದು ಕಡೆ ಸಿಕ್ಕುವುದಿಲ್ಲ. ಹಣದಿಂದ ತುಂಬಿಕೊಡಲಾಗದ ನಷ್ಟಕ್ಕೆ ಹಣವಲ್ಲದ ಪರಿಹಾರವೇ ಬೇಕೆಂಬುದು ಇಲ್ಲಿನ ತತ್ತ್ವ.

ಹಿಂದೆ ಈ ಪರಿಹಾರವನ್ನು ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆಗೆ ಸೇರಿತ್ತು. ೨೦೧೮ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ತಿದ್ದುಪಡಿ ಆ ವಿವೇಚನೆಯನ್ನು ತೆಗೆದುಹಾಕಿತು. ಕಾಯಿದೆಯಲ್ಲೇ ಹೇಳಿರುವ ಅಡ್ಡಿಗಳಿಲ್ಲದಿದ್ದರೆ ನ್ಯಾಯಾಲಯ ಕರಾರನ್ನು ಜಾರಿಗೊಳಿಸಲೇಬೇಕು. ಆ ಅಡ್ಡಿಗಳಲ್ಲಿ ಮುಖ್ಯವಾದುದು ಮುಂದಿನದು.

ಹಣ ಸಿದ್ಧವಿತ್ತೆ? ಮನಸ್ಸು ಸಿದ್ಧವಿತ್ತೆ?

ಕಾಯಿದೆಯ ೧೬ನೆಯ ಪ್ರಕರಣದ ಪ್ರಕಾರ, ಕರಾರಿನಲ್ಲಿ ತನ್ನ ಪಾಲಿನದನ್ನು ನಡೆಸಿಕೊಡಲು ತಾನು ಸದಾ ಸಿದ್ಧನೂ ಸಮ್ಮತನೂ ಆಗಿದ್ದೆನೆಂದು ವಾದಿಯು ರುಜುವಾತುಪಡಿಸಬೇಕು. ಸಿದ್ಧತೆಯೆಂದರೆ ಹಣದ ಅನುಕೂಲ. ಸಮ್ಮತಿಯೆಂದರೆ ಕೊಳ್ಳುವ ಇಚ್ಛೆ. ಕರಾರಿನ ದಿನದಿಂದ ತೀರ್ಪಿನ ದಿನದವರೆಗೂ ಇವೆರಡು ಎಡೆಬಿಡದೆ ಇರಬೇಕೆಂಬುದು ೧೯೨೮ರಲ್ಲಿ ಪ್ರಿವಿ ಕೌನ್ಸಿಲಿನ ಕಾಲದಿಂದ ಬಂದ ನಿಯಮ.

ನಮ್ಮ ಗೃಹಸ್ಥರು ೩೫ ಲಕ್ಷವನ್ನು ಗಂಟುಕಟ್ಟಿ ಮನೆಯಲ್ಲಿ ಇಟ್ಟಿರಬೇಕಾಗಿಲ್ಲ. ನ್ಯಾಯಾಲಯ ಹೇಳಿದ ಹೊರತು ಅದನ್ನು ಕೋರ್ಟಿನಲ್ಲಿ ಠೇವಣಿ ಇಡಬೇಕಾಗಿಯೂ ಇಲ್ಲ. ಆದರೆ ಆ ಹಣ ಎಲ್ಲಿಂದ ಬರುತ್ತಿತ್ತೆಂಬುದನ್ನು ತೋರಿಸಬೇಕು: ಬ್ಯಾಂಕಿನ ಪಾಸ್‌ಬುಕ್ಕು, ನಿವೃತ್ತಿಯ ಹಣದ ಲೆಕ್ಕ, ಮಂಜೂರಾದ ಸಾಲದ ಪತ್ರ. ಗಡುವಿಗೆ ಮೊದಲೇ ವಕೀಲರ ಮೂಲಕ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳುಹಿಸಿ, ಇಂಥ ದಿನ ಹೊಸದುರ್ಗದ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹಣದೊಡನೆ ಬರುತ್ತೇನೆಂದು ತಿಳಿಸಿ, ಆ ದಿನ ಹೋಗಿದ್ದರೆ ಅದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ. ‘ನಾಳೆ ಬನ್ನಿ, ಹಬ್ಬ ಕಳೆಯಲಿ’ ಎಂಬ ಬಾಯಿಮಾತನ್ನು ನಂಬಿ ಸುಮ್ಮನೆ ಕುಳಿತವರ ಬಳಿ ಕೊನೆಗೆ ಉಳಿಯುವುದು ಬಾಯಿಮಾತೇ.

ಕಾಲದ ಲೆಕ್ಕ

ಸ್ಥಿರಸ್ವತ್ತಿನ ಕರಾರಿನಲ್ಲಿ ಗಡುವು ಒಂದೆರಡು ದಿನ ಮೀರಿತೆಂದ ಮಾತ್ರಕ್ಕೆ ಕರಾರು ಸಾಯುವುದಿಲ್ಲವೆಂಬುದು ಸಾಮಾನ್ಯ ನಿಯಮ. ಆದರೆ ಕಾಲವೇ ಕರಾರಿನ ಜೀವವೆಂದು ಬರೆವಣಿಗೆಯಿಂದ ತಿಳಿದುಬಂದರೆ ಆ ನಿಯಮ ನಿಲ್ಲದು. ದೆಹಲಿಯ ಒಂದು ಮನೆಯ ಕರಾರಿನಲ್ಲಿ ೯೮,೦೦೦ ರೂಪಾಯಿಗಳನ್ನು ಹತ್ತು ದಿನಗಳೊಳಗೆ ಕೊಡತಕ್ಕದ್ದೆಂದಿತ್ತು. ಆ ಹಣ ಸಕಾಲದಲ್ಲಿ ಸಲ್ಲಲಿಲ್ಲ. ಚಾಂದ್ ರಾಣಿ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕೊಳ್ಳುವವರಿಗೆ ಮನೆಯನ್ನು ಕೊಡಿಸಲಿಲ್ಲ.

ದಾವೆ ಹೂಡಲು ೧೯೬೩ರ ಕಾಲಪರಿಮಿತಿ ಕಾಯಿದೆ ಮೂರು ವರ್ಷ ಕೊಡುತ್ತದೆ. ಕರಾರಿನಲ್ಲಿ ದಿನ ಗೊತ್ತಾಗಿದ್ದರೆ ಆ ದಿನದಿಂದ. ಗೊತ್ತಾಗಿಲ್ಲದಿದ್ದರೆ, ಎದುರಾಳಿ ಒಲ್ಲೆನೆಂದುದು ತಿಳಿದ ದಿನದಿಂದ ಲೆಕ್ಕ. ಮೂರು ವರ್ಷವಿದೆಯೆಂದು ಎರಡೂವರೆ ವರ್ಷ ಮಲಗುವುದು ಜಾಣತನವಲ್ಲ. ಆ ಮೌನವನ್ನೇ ತೋರಿಸಿ, ಇವರಿಗೆ ಕೊಳ್ಳುವ ಮನಸ್ಸಿರಲಿಲ್ಲವೆಂದು ಎದುರಾಳಿಯ ವಕೀಲರು ವಾದಿಸುತ್ತಾರೆ. ಇನ್ನೊಂದು ಮಾತು: ಕರ್ನಾಟಕದಲ್ಲಿ ಈ ದಾವೆಯ ಕೋರ್ಟು ಶುಲ್ಕ ಕೊಟ್ಟ ಮುಂಗಡದ ಮೇಲಲ್ಲ, ಒಪ್ಪಿದ ಪೂರ್ಣ ಬೆಲೆಯ ಮೇಲೆ ಬೀಳುತ್ತದೆ. ಅದಕ್ಕೂ ಕೈಯಲ್ಲಿ ಹಣವಿರಬೇಕು.

ಇನ್ನೊಬ್ಬರಿಗೆ ಮಾರಿಬಿಟ್ಟರೆ?

ಕೊಳ್ಳುವವರ ದೊಡ್ಡ ಭಯ ಇದು. ಮೊದಲಿನ ಕರಾರು ತಿಳಿದೂ ಕೊಂಡವನ ಮೇಲೆ ಆ ಕರಾರನ್ನು ಜಾರಿಗೊಳಿಸಬಹುದು. ತಿಳಿಯದೆ, ಪ್ರಾಮಾಣಿಕವಾಗಿ, ಬೆಲೆ ಕೊಟ್ಟು ಕೊಂಡವನಿಗೆ ಮಾತ್ರ ಕಾನೂನಿನ ರಕ್ಷಣೆಯುಂಟು. ಆದ್ದರಿಂದ ಕರಾರನ್ನು ರಿಜಿಸ್ಟರು ಮಾಡಿಸುವುದು ಲೇಸು. ಋಣಭಾರ ಪತ್ರದಲ್ಲಿ ಅದು ಕಾಣಿಸಿಕೊಂಡರೆ ‘ನನಗೆ ತಿಳಿಯದು’ ಎನ್ನುವುದು ಮುಂದಿನವನಿಗೆ ಕಷ್ಟ. ದಾವೆ ಹೂಡುವಾಗಲೇ, ತೀರ್ಪಿನವರೆಗೆ ಸ್ವತ್ತನ್ನು ಪರಭಾರೆ ಮಾಡದಂತೆ ತಡೆಯಾಜ್ಞೆ ಕೇಳಬೇಕು. ದಾವೆ ನಡೆಯುತ್ತಿರುವಾಗ ಆದ ಮಾರಾಟವು ತೀರ್ಪಿಗೆ ಅಧೀನ.

ಕರಾರಿನೊಡನೆ ತೋಟದ ಸ್ವಾಧೀನವನ್ನೂ ಪಡೆದವರಿಗೆ ಹಿಂದೆ ರಿಜಿಸ್ಟರಾಗದ ಪತ್ರದಿಂದಲೂ ಆಸರೆ ದೊರೆಯುತ್ತಿತ್ತು. ೨೦೦೧ರ ತಿದ್ದುಪಡಿಯಾದ ಮೇಲೆ ರಿಜಿಸ್ಟರಾದ ಕರಾರಿಗೆ ಮಾತ್ರ ಆ ಆಸರೆ.

ತೀರ್ಪು ನಮ್ಮ ಗೃಹಸ್ಥರ ಪರವಾಗಿಯೇ ಆಯಿತೆನ್ನೋಣ. ಆಗಲೂ ಮಾರುವವರು ಸಹಿ ಹಾಕದಿದ್ದರೆ ನ್ಯಾಯಾಲಯವೇ ಅವರ ಪರವಾಗಿ ಕ್ರಯಪತ್ರವನ್ನು ಬರೆಸಿ ರಿಜಿಸ್ಟರು ಮಾಡಿಸುತ್ತದೆ. ಆದರೆ ಡಿಕ್ರಿಯಲ್ಲಿ ಹೇಳಿದ ಅವಧಿಯೊಳಗೆ ಉಳಿದ ಹಣವನ್ನು ಕಟ್ಟಬೇಕು. ಕಟ್ಟದಿದ್ದರೆ ಕರಾರನ್ನೇ ರದ್ದುಪಡಿಸಿರೆಂದು ಮಾರುವವರು ಅದೇ ದಾವೆಯಲ್ಲಿ ಕೇಳಬಹುದು. ಗೆದ್ದು ಸೋಲುವ ಬಗೆಯಿದು.

ತೋಟ ಸಿಕ್ಕದಿದ್ದರೆ

ದಾವಾಪತ್ರದಲ್ಲಿಯೇ ಪರ್ಯಾಯವಾಗಿ ಮುಂಗಡದ ವಾಪಸಾತಿಯನ್ನೂ ನಷ್ಟ ಪರಿಹಾರವನ್ನೂ ಕೇಳಿರಬೇಕು. ಕೇಳದ ಪರಿಹಾರ ದೊರೆಯದು. ಕೊಳ್ಳುವವನ ತಪ್ಪಿಲ್ಲದಿದ್ದಲ್ಲಿ ಅವನು ಕೊಟ್ಟ ಹಣಕ್ಕೆ ಆ ಸ್ವತ್ತೇ ಹೊಣೆಯೆಂದು ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ.

ತಪ್ಪು ಕೊಳ್ಳುವವನದೇ ಆದರೆ ಸಂಚಕಾರ ಹೋಗಬಹುದು. ಆದರೆ ಕೊಟ್ಟದ್ದೆಲ್ಲ ಸಂಚಕಾರವಲ್ಲ. ದೆಹಲಿಯ ಬಂಗಲೆಯೊಂದರ ಫತೇಚಂದ್ ಮೊಕದ್ದಮೆಯಲ್ಲಿ ೧,೦೦೦ ರೂಪಾಯಿ ಸಂಚಕಾರವಾಗಿಯೂ ೨೪,೦೦೦ ರೂಪಾಯಿ ಬೆಲೆಯ ಭಾಗವಾಗಿಯೂ ಸಂದಿತ್ತು. ಸಾವಿರವನ್ನು ಮಾರುವವನು ಇಟ್ಟುಕೊಳ್ಳಬಹುದು. ಇಪ್ಪತ್ತನಾಲ್ಕು ಸಾವಿರವನ್ನು ಮುಟ್ಟುಗೋಲು ಹಾಕುವ ಷರತ್ತು ದಂಡವೇ ಸರಿ ಎಂದು ಸುಪ್ರೀಂ ಕೋರ್ಟು ೧೯೬೩ರಲ್ಲಿ ತೀರ್ಮಾನಿಸಿತು.

ಮಾತು ತಪ್ಪಿದೊಡನೆ ಪೊಲೀಸ್ ಠಾಣೆಗೆ ಓಡುವವರುಂಟು. ಕರಾರು ಮಾಡುವ ಗಳಿಗೆಯಲ್ಲೇ ಮೋಸದ ಉದ್ದೇಶವಿತ್ತೆಂದು ತೋರದೆ, ಬರಿಯ ಕರಾರಿನ ಉಲ್ಲಂಘನೆ ವಂಚನೆಯ ಅಪರಾಧವಾಗುವುದಿಲ್ಲ. ನಗರದಲ್ಲಿ ಕಟ್ಟುತ್ತಿರುವ ಫ್ಲಾಟಿನ ವಿಚಾರವಾದರೆ ದಾರಿ ಬೇರೆಯೂ ಇದೆ. ೨೦೧೬ರ ರೇರಾ ಕಾಯಿದೆಯಂತೆ, ಕರಾರನ್ನು ರಿಜಿಸ್ಟರು ಮಾಡಿಸದೆ ಬೆಲೆಯ ಶೇಕಡಾ ಹತ್ತಕ್ಕಿಂತ ಹೆಚ್ಚು ಹಣವನ್ನು ನಿರ್ಮಾಪಕನು ಪಡೆಯುವಂತಿಲ್ಲ. ಒಪ್ಪಿದ ವೇಳೆಗೆ ಮನೆ ಕೊಡದಿದ್ದರೆ, ಕೊಳ್ಳುವವರು ಬೇಡವೆಂದಾಗ ಬಡ್ಡಿಯೊಡನೆ ಹಣ ಮರಳಿಸಬೇಕು.

ಸಂಚಕಾರಕ್ಕೆ ಮುಂಚೆ

ಯಾವ ನ್ಯಾಯಾಲಯವೂ ಉಳಿಸಲಾರದ ಕರಾರುಗಳೂ ಇವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ೧೯೭೮ರ ಕರ್ನಾಟಕ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಭೂಸುಧಾರಣೆಯಲ್ಲಿ ಉಳುವವನಿಗೆ ಬಂದ ಜಮೀನನ್ನು ಹದಿನೈದು ವರ್ಷ ಪರಭಾರೆ ಮಾಡಬಾರದೆಂಬ ನಿರ್ಬಂಧವಿರುವಾಗಲೇ ಆದ ಒಂದು ಕರಾರನ್ನು ಜಾರಿಗೊಳಿಸಲು ಸುಪ್ರೀಂ ಕೋರ್ಟು ೨೦೧೯ರಲ್ಲಿ ಒಪ್ಪಲಿಲ್ಲ. ಪಿತ್ರಾರ್ಜಿತ ತೋಟವಾದರೆ, ೨೦೦೫ರ ತಿದ್ದುಪಡಿಯಿಂದ ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳೂ ಹಕ್ಕುದಾರರೆಂಬುದನ್ನು ಮರೆಯಬಾರದು. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ಸಹಿಯಿಲ್ಲದ ಕರಾರು ಮುಂದಿನ ವ್ಯಾಜ್ಯಕ್ಕೆ ಬೀಜ. ಪಹಣಿ, ಮಂಜೂರಾತಿ ಪತ್ರ, ಋಣಭಾರ ಪತ್ರ, ವಂಶವೃಕ್ಷ ಇವನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಲಾಗದು. ಕೊಡುವ ಹಣವೂ ಬ್ಯಾಂಕಿನ ಮೂಲಕವೇ ಹೋಗಲಿ.

ಜಮೀನು ಮಾರುವವರಲ್ಲಿ ಎಲ್ಲರೂ ದುರಾಶೆಯವರಲ್ಲ. ಸಾಲದ ಬಾಧೆಗೆ ಒಪ್ಪಿ, ಆಮೇಲೆ ಹಿರಿಯರ ತೋಟವನ್ನು ಬಿಡಲಾರದೆ ಹಿಂಜರಿಯುವವರೂ ಇದ್ದಾರೆ. ಅವರೊಡನೆ ಕುಳಿತು ಮಾತಾಡಿ, ಆದ ರಾಜಿಯನ್ನು ಬರೆವಣಿಗೆಯಲ್ಲಿ ಮುಗಿಸಿಕೊಳ್ಳುವುದು ವರ್ಷಗಟ್ಟಲೆ ಕೋರ್ಟು ಅಲೆಯುವುದಕ್ಕಿಂತ ಅನೇಕ ವೇಳೆ ಮೇಲು. ಆದರೆ ಆ ಮಾತುಕತೆಗೆ ಕೂರುವಾಗಲೂ ಮೂರು ವರ್ಷದ ಗಡುವು ನೆನಪಿನಲ್ಲಿರಲಿ, ನೋಟೀಸಿನ ಪ್ರತಿ ಕೈಯಲ್ಲಿರಲಿ, ಉಳಿದ ಹಣ ಬ್ಯಾಂಕಿನಲ್ಲಿರಲಿ. ಈ ಮೂರೂ ಇದ್ದವರ ಪಾಲಿಗೆ ಸಂಚಕಾರವೆಂಬ ಮಾತು ತನ್ನ ಹಳೆಯ ಅರ್ಥವನ್ನು ಇನ್ನೂ ಕಳೆದುಕೊಂಡಿಲ್ಲ.