ಮೈಬಣ್ಣದ ಕ್ರೇಯಾನ್

ಕ್ರೇಯಾನ್ ಡಬ್ಬಿಯಲ್ಲಿ ತಿಳಿ ಗುಲಾಬಿ ಬಣ್ಣದ ಒಂದು ಕಡ್ಡಿ ಇರುತ್ತದೆ. ನಮ್ಮ ಮಕ್ಕಳು ಅದಕ್ಕೆ ‘ಸ್ಕಿನ್ ಕಲರ್’ ಎನ್ನುತ್ತಾರೆ. ವಿಜಯಪುರ ಜಿಲ್ಲೆಯ ಇಂಡಿಯ ಮಗುವಾಗಲಿ ಮುದ್ದೇಬಿಹಾಳದ ಮಗುವಾಗಲಿ, ಅವ್ವನ ಚಿತ್ರ ಬರೆದರೆ ಮುಖಕ್ಕೆ ತುಂಬುವುದು ಅದೇ ಬಣ್ಣವನ್ನು. ಅವ್ವ ಎದುರಿಗೇ ಕೂತು ರೊಟ್ಟಿ ಬಡಿಯುತ್ತಿದ್ದರೂ ಆಕೆಯ ಕೈಯ ಬಣ್ಣ ಹಾಳೆಗೆ ಇಳಿಯುವುದಿಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ ಇಂಥದೇ ಕಡ್ಡಿಗೆ ‘ಫ್ಲೆಶ್’ ಎಂದಿಟ್ಟಿದ್ದ ಹೆಸರನ್ನು 1962ರಲ್ಲಿ ಬದಲಿಸಿ ‘ಪೀಚ್’ ಮಾಡಿತು. ನಮ್ಮ ಶಾಲೆಗಳಲ್ಲಿ ಹಳೆಯ ರೂಢಿಯೇ ನಡೆದಿದೆ.

ಬೆಳ್ಳಗಿದ್ದರೇ ಚೆಂದ ಎಂಬ ಈ ಅಳತೆಗೋಲು ಮಗುವಿನ ಕೈಗೆ ಬರುವುದು ಮೊದಲು ಮನೆಯಲ್ಲೇ. ಕೂಸು ನೋಡಲು ಬಂದವರು ‘ಬಣ್ಣ ಯಾರಂಗ ಐತಿ?’ ಎಂದು ಕೇಳಿಯೇ ತೊಟ್ಟಿಲಿಗೆ ಬಗ್ಗುವುದು. ಕರ್ರಗಿದ್ದರೆ ಕಡ್ಲಿಹಿಟ್ಟು, ಅರಿಷಿಣದ ಸಲಹೆ ಶುರು. ಫೇರ್ ಅಂಡ್ ಲವ್ಲಿ ಕ್ರೀಮು 1975ರಿಂದ ನಮ್ಮ ಅಂಗಡಿಗಳಲ್ಲಿದೆ. 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಸೇರಿಸಿದರು. ಚರ್ಮಕ್ಕೆ ಬಣ್ಣ ಕೊಡುವ ವಸ್ತು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಕಪ್ಪಗಿದ್ದವರಲ್ಲೂ ಬೆಳ್ಳಗಿದ್ದವರಲ್ಲೂ ಹೆಚ್ಚೂಕಡಿಮೆ ಒಂದೇ ಸಂಖ್ಯೆಯಲ್ಲಿವೆ. ಅವು ಎಷ್ಟು, ಯಾವ ಬಗೆಯ ಮೆಲನಿನ್ ಮಾಡುತ್ತವೆ ಎಂಬುದಷ್ಟೇ ಬೇರೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಮೈಯನ್ನು ಕಾಯುವುದೂ ಅದೇ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಯಲ್ಲಿ ಕಪ್ಪು ಮೈಬಣ್ಣವನ್ನು ಕೊರತೆ ಎಂದು ಬಗೆಯುವುದು ವಿಚಿತ್ರವೇ.

ಮನೆಯ ಪಾಠವನ್ನು ಪುಸ್ತಕವೂ ಗಟ್ಟಿ ಮಾಡಿತು. ‘ಅಮರ ಚಿತ್ರ ಕಥೆ’ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಿಂದ. ಅನೇಕರಿಗೆ ಇದು ಗೊತ್ತಿಲ್ಲ. ಆ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾಳಂಥ ಪಾಶ್ಚಾತ್ಯ ಕಥೆಗಳು. ಮುಂದೆ ನಮ್ಮ ಪುರಾಣಗಳೇ ಬಂದರೂ ರಾಣಿ ಹಾಲಿನ ಬಣ್ಣದವಳು, ರಾಕ್ಷಸ ಮಸಿಯ ಬಣ್ಣದವನು ಎಂಬ ಕಟ್ಟಳೆ ಹೆಚ್ಚು ಸಡಿಲಲಿಲ್ಲ. ‘ಚಂದಮಾಮ’ದ ಚಿತ್ರಗಳ ಸೊಗಸನ್ನು ನಾನೂ ಮೆಚ್ಚುತ್ತೇನೆ, ಆದರೆ ಅಲ್ಲಿಯೂ ಕಥೆ ಇದೇ.

ಇದರಿಂದ ಮಗುವಿಗೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಗೊಂಬೆಗಳನ್ನಿಟ್ಟು ನೋಡಿದರು. ಗೊಂಬೆಗಳಲ್ಲಿ ಬಣ್ಣವೊಂದೇ ಬೇರೆ, ಮಿಕ್ಕಿದ್ದೆಲ್ಲ ಒಂದೇ. ಕರಿಯ ಮಕ್ಕಳಲ್ಲಿಯೂ ಹೆಚ್ಚಿನವರು ‘ಒಳ್ಳೆಯದು’ ಎಂದು ತೋರಿಸಿದ್ದು ಬಿಳಿ ಗೊಂಬೆಯನ್ನು. ಶಾಲೆಗಳಲ್ಲಿ ವರ್ಣಭೇದವನ್ನು ತಳ್ಳಿಹಾಕಿದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ತೀರ್ಪಿನಲ್ಲಿ ಕೆನೆತ್ ಕ್ಲಾರ್ಕ್ ಅವರ ಬರಹದ ಉಲ್ಲೇಖವಿದೆ.

ಹಾಗಾದರೆ ಒಳ್ಳೆಯ ಚಿತ್ರಪುಸ್ತಕ ಏನು ಮಾಡಬೇಕು? ಎಜ್ರಾ ಜಾಕ್ ಕೀಟ್ಸ್ ಎಂಬ ಚಿತ್ರಕಾರ 1940ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಂದ ಒಬ್ಬ ಪುಟ್ಟ ಕರಿಯ ಹುಡುಗನ ಫೋಟೋಗಳನ್ನು ಕತ್ತರಿಸಿ ಇಟ್ಟುಕೊಂಡ. ಇಪ್ಪತ್ತು ವರ್ಷದ ಮೇಲೆ ಆ ಹುಡುಗ ‘ದಿ ಸ್ನೋಯಿ ಡೇ’ ಪುಸ್ತಕದ ಪೀಟರ್ ಆದ. 1962ರಲ್ಲಿ ಪ್ರಕಟವಾದ ಇದಕ್ಕೆ ಮರುವರ್ಷ ಕ್ಯಾಲ್ಡೆಕಾಟ್ ಪದಕ ಬಂತು. ಕಥೆಯೇನು ದೊಡ್ಡದಲ್ಲ. ಕೆಂಪು ಉಡುಪು ತೊಟ್ಟ ಪೀಟರ್ ಹಿಮದಲ್ಲಿ ಹೆಜ್ಜೆ ಮೂಡಿಸುತ್ತಾನೆ, ಒಂದು ಹಿಮದುಂಡೆಯನ್ನು ಕಿಸೆಯಲ್ಲಿಟ್ಟು ಮನೆಗೆ ಬರುತ್ತಾನೆ, ಅದು ಕರಗಿಹೋಗುತ್ತದೆ. ಅವನ ಬಣ್ಣದ ಬಗ್ಗೆ ಇಡೀ ಪುಸ್ತಕದಲ್ಲಿ ಒಂದು ಮಾತೂ ಇಲ್ಲ. ಕರಿಯ ಹುಡುಗನೊಬ್ಬ ಸುಮ್ಮನೆ ಆಡಿಕೊಂಡಿದ್ದಾನೆ, ಪುಸ್ತಕ ಪೂರ್ತಿ ಅವನದು.

2019ರಲ್ಲಿ ನಟಿ ಲುಪಿಟಾ ನ್ಯೋಂಗೊ ಬರೆದ ‘ಸುಲ್ವೆ’ ಬೇರೆ ದಾರಿಯದು. ಅಲ್ಲಿಯ ಹುಡುಗಿ ತನ್ನ ಕಪ್ಪನ್ನು ರಬ್ಬರಿನಿಂದ ಅಳಿಸಲು ನೋಡುತ್ತಾಳೆ. ಕೊನೆಗೆ ರಾತ್ರಿ, ಹಗಲು ಎಂಬ ಅಕ್ಕತಂಗಿಯರ ಕಥೆ ಕೇಳಿ ತನ್ನನ್ನು ಒಪ್ಪಿಕೊಳ್ಳುತ್ತಾಳೆ. ಅದೂ ಬೇಕು, ನೊಂದ ಮಗುವಿಗೆ ಅಂಥ ಪುಸ್ತಕ ಔಷಧಿ. ಆದರೆ ನನ್ನ ಆಯ್ಕೆ ಪೀಟರನೇ. ‘ಕಪ್ಪೂ ಚೆಂದ’ ಎಂದು ಹತ್ತು ಸಲ ಹೇಳಿದರೆ, ಯಾರೋ ಅಲ್ಲ ಅಂದಿರಬೇಕು ಎಂದು ಮಗುವಿಗೆ ತಿಳಿದೇಬಿಡುತ್ತದೆ.

ನಮ್ಮ ದೇಶದ್ದೇ ಒಂದು ಪುಸ್ತಕ ನೋಡಿ. ಸುಜಾತಾ ಪದ್ಮನಾಭನ್ ಬರೆದ ಚುಸ್ಕಿತ್‌ಳ ಕಥೆ. ಲಡಾಖಿನ ಈ ಹುಡುಗಿಗೆ ನಡೆಯಲು ಬರುವುದಿಲ್ಲ, ಗಾಲಿಕುರ್ಚಿ ಇದೆ. ಶಾಲೆಯ ದಾರಿ ಕಲ್ಲುಮುಳ್ಳಿನದು, ನಡುವೆ ಹಳ್ಳ ಬೇರೆ. ಉಳಿದ ಮಕ್ಕಳು ಸೇರಿ ದಾರಿಯನ್ನು ಸಮ ಮಾಡುತ್ತಾರೆ. ಬದಲಾಗುವುದು ದಾರಿ, ಹುಡುಗಿಯಲ್ಲ. ಹಲ್ಲುಬ್ಬು, ಗುಂಗುರು ಕೂದಲು, ಕುಳ್ಳು, ತೊದಲು ಯಾವುದನ್ನೇ ಇಟ್ಟುಕೊಂಡು ಅಣಕಿಸುವ ತರಗತಿಗೂ ಈ ಕಥೆ ಹೊಂದುತ್ತದೆ.

ಅವಿಭಜಿತ ವಿಜಯಪುರ ಜಿಲ್ಲೆಯನ್ನು ಮಕ್ಕಳ ಸಾಹಿತ್ಯದ ತವರು ಎನ್ನುವುದುಂಟು. ಸಿಸು ಸಂಗಮೇಶ, ಶಂ.ಗು. ಬಿರಾದಾರ, ಸಿಂದಗಿಯ ಹ.ಮ. ಪೂಜಾರ, 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕಂಚ್ಯಾಣಿ ಶರಣಪ್ಪ ಹೀಗೆ ಸಾಲು ದೊಡ್ಡದು. ಆದರೆ ಈ ತವರಿನ ಶ್ರೀಮಂತಿಕೆ ಪದ್ಯದ್ದು. ಬಣ್ಣದ ಅಚ್ಚು ದುಬಾರಿ; ಆದ್ದರಿಂದ ಚಿತ್ರ ಪದ್ಯದ ಮೂಲೆಯಲ್ಲಿ ಕಪ್ಪು ಗೆರೆಯಾಗಿ ಕೂರುತ್ತದೆ. ಎರಿ ಹೊಲ ಕರ್ರಗಿದ್ದಷ್ಟೂ ಬೆಲೆ ಹೆಚ್ಚು ಎನ್ನುವ ನಾಡಿನಲ್ಲಿ, ಆ ಹೊಲದಲ್ಲಿ ಕಳೆ ಕೀಳುವ ಅವ್ವನ ಬಣ್ಣ, ತಾಂಡಾದ ಹುಡುಗಿಯ ಮುಖ, ಕಬ್ಬು ಕಡಿಯಲು ಹೋಗಿ ಬಿಸಿಲುಂಡು ಬಂದ ಹುಡುಗನ ಮೈ ಪುಟದ ತುಂಬ ಬರುವುದು ಇನ್ನೂ ಬಾಕಿ ಇದೆ.

ಸದ್ಯಕ್ಕೆ ಇರುವುದನ್ನು ಬಳಸಲು ಅಡ್ಡಿಯಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಮುದ್ರಿಸಬಹುದು, ನಮ್ಮ ಕಡೆಯ ಮಾತಿಗೆ ತಿರುಗಿಸಲೂಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಮಕ್ಕಳನ್ನು ಕೂಡಿಸಿ ಓದಿಸಬಹುದು.

ಪುಸ್ತಕ ಆರಿಸುವಾಗ ಮೊದಲು ಅಕ್ಷರ ಓದಬೇಡಿ, ಚಿತ್ರವನ್ನಷ್ಟೇ ತಿರುವಿ ನೋಡಿ. ನಡುವೆ ಯಾರಿದ್ದಾರೆ, ಅಂಚಿನಲ್ಲಿ ಯಾರು, ನಗೆಪಾಟಲಾದವರು ಯಾರು ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಓದುವಾಗ ಅವಸರ ಬೇಡ. ‘ಈಕಿ ನಮ್ಮಕ್ಕನಂಗ ಅದಾಳ’ ಎಂದು ಮಗು ಬೆರಳಿಟ್ಟರೆ ಪುಟ ತಿರುವದೆ ನಿಲ್ಲಿ. ಅದಕ್ಕೆ ನೀತಿ ಸೇರಿಸಲು ಹೋಗಬೇಡಿ. ಆಮೇಲೆ ಕಂದು, ಹಳದಿ, ಕೆಂಪು ಬಣ್ಣ ಕೊಟ್ಟು ತಮ್ಮ ತಮ್ಮ ಮುಂಗೈ ಬಣ್ಣ ಬರುವವರೆಗೆ ಕಲೆಸಲು ಹೇಳಿ. ಇಡೀ ತರಗತಿಯಲ್ಲಿ ಎರಡು ಕೈ ಒಂದೇ ಬಣ್ಣಕ್ಕೆ ಬರುವುದು ಅಪರೂಪ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಮಕ್ಕಳ ಕವಿಗಳಿಗೆ ಬರವಿಲ್ಲ. ಅಲ್ಲಿಯ ಹೈಸ್ಕೂಲುಗಳಲ್ಲಿ ಚಿತ್ರಕಲಾ ಶಿಕ್ಷಕರೂ ಇದ್ದಾರೆ. ಕವಿಗಳು ಮುಂದಿನ ಪುಸ್ತಕವನ್ನು ಅಚ್ಚಿಗೆ ಕೊಡುವ ಮೊದಲು ಆ ಶಿಕ್ಷಕರ ಜೊತೆ ಕೂತು, ಅರ್ಧ ಪುಟವನ್ನಾದರೂ ಅವರಿಗೆ ಬಿಟ್ಟುಕೊಡಲಿ.